ನಡುವೆ ಬಾಯಿ ಹಾಕಿದವರು

ಫೆಬ್ರುವರಿ 2, ಸೋಮವಾರ

ಮೈಥಿಲಿಯ ಕೆಲಸಕ್ಕೆಂದು ಹೊಸ ನೋಟುಬುಕ್ಕು ತೆಗೆದೆ. ಹಿಂದಿನ ಪುಟಗಳಿಂದ ಅವಳ ಪದಪಟ್ಟಿ, ಮುಂದಿನ ಪುಟಗಳಿಂದ ನನ್ನ ದಿನಗಳು. ಎರಡೂ ಎಲ್ಲೋ ನಡುವೆ ಡಿಕ್ಕಿ ಹೊಡೆದರೆ ಆಗ ನೋಡಿಕೊಳ್ಳೋಣ.

ಮೈಥಿಲಿ ಬರ್ಕ್ಲಿಯಲ್ಲಿ ಕೂತು ಫೋನಿನಲ್ಲಿ ಮಾತು ದಾಟಿಸುವ ನಮ್ಮ ಒಂಬತ್ತು ಜನ ಕನ್ನಡ ದುಭಾಷಿಗಳನ್ನು ನೋಡಿಕೊಳ್ಳುತ್ತಾಳೆ. ಹೋದ ತಿಂಗಳು ಮಕ್ಕಳ ರಕ್ಷಣಾ ಇಲಾಖೆಯ ಒಂದು ಕಾಲ್‌ನಲ್ಲಿ ಅಧಿಕಾರಿ ಒಬ್ಬ ತಾಯಿಯನ್ನು ಕೇಳಿದ್ದು ಇಷ್ಟೇ: ಮಗುವನ್ನು ಸಾಕುವ ವಿಷಯದಲ್ಲಿ ಮನೆಯಲ್ಲಿ ಯಾರಾದರೂ ತಲೆ ಹಾಕುತ್ತಾರೆಯೇ? ನಮ್ಮಲ್ಲೊಬ್ಬಳು ಅದನ್ನು ‘ಅಡ್ಡಿಪಡಿಸುತ್ತಾರೆಯೇ’ ಎಂದಳು. ಆ ತಾಯಿ ಹೌದು ಎಂದಳು. ಮಗುವಿಗೆ ಸಕ್ಕರೆ ಕೊಡಬೇಡ ಎಂದು ಅಜ್ಜಿ ತಾಯಿಯನ್ನು ತಡೆದದ್ದೇ ಒಂದು ದೊಡ್ಡ ಕಡತವಾಯಿತು. ಹಾಗಾಗಿ ಬೇಡದ ಪ್ರವೇಶಕ್ಕೆ ಇಂಗ್ಲಿಷಿನಲ್ಲಿರುವ ಅಷ್ಟೂ ಪದಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಸರಿಹೊಂದುವ ಕನ್ನಡ ಬರೆದುಕೊಡು ಎಂದು ಮೈಥಿಲಿ ನನಗೆ ಕೆಲಸ ಹಚ್ಚಿದ್ದಾಳೆ. ‘ಎಂ.ಎ. ಮಾಡಿದವಳು ನೀನೊಬ್ಬಳೇ’ ಎಂಬ ಸಬೂಬು.

ಉದಾಹರಣೆಗಳಿಗೆ ನನ್ನ ಹತ್ತಿರ ಕೊರತೆ ಇಲ್ಲ. ಡಿಸೆಂಬರಿನಿಂದ ಅಮ್ಮಿ ಇಲ್ಲೇ ಇದ್ದಾರೆ. ನನ್ನ ಗಂಡ ಹುಜೈಫಾನ ತಾಯಿ, ಆಬಿದಾ. ಕುಷ್ಟಗಿಯಲ್ಲಿ ಮಾವ ಮೆಹಬೂಬ್ ಸಾಬರ ಗಾದಿ ಅಂಗಡಿಯಲ್ಲಿ ಮೂವತ್ತು ವರ್ಷ ಹತ್ತಿ ತುಂಬಿ ಹೊಲಿದ ಕೈ ಅವರದು. ಫ್ರೀಮಾಂಟಿನ ನಮ್ಮ ಮನೆಗೆ ಬಂದ ದಿನವೇ ಹಾಸಿಗೆಯನ್ನು ಒತ್ತಿ ನೋಡಿ, ‘ಇದು ಹಾಸಿಗಿ ಅಲ್ಲ, ಹಿಟ್ಟು’ ಎಂದು ತೀರ್ಪು ಕೊಟ್ಟಿದ್ದರು.

ಇವತ್ತು ಮಗಳು ಮರಿಯಮ್‌ಗೆ ಹನ್ನೆರಡು ವಾರ ತುಂಬಿತು. ಮಧ್ಯಾಹ್ನ ನೋಡುತ್ತೇನೆ, ಅವಳ ತಲೆಯ ಕೆಳಗೆ ಅಂಗೈ ಅಗಲದ ಸಾಸಿವೆ ದಿಂಬು. ತಲೆ ದುಂಡಗಾಗಲೆಂದು ಅಮ್ಮಿ ಊರಿನಿಂದಲೇ ಹೊಲಿದು ತಂದದ್ದಂತೆ. ಇಲ್ಲಿ ತೊಟ್ಟಿಲಲ್ಲಿ ಏನೂ ಇಡಬಾರದು ಎಂದು ನಾಲ್ಕನೇ ಸಲ ಹೇಳಿ ದಿಂಬನ್ನು ಕಪಾಟಿನ ಮೇಲೆ ಹಾಕಿದೆ. ಅವರು ಜಗಳವಾಡಲಿಲ್ಲ. ‘ಆತು, ಚಪ್ಪಟ ತಲೀ ಹುಡುಗಿಗೆ ವರಾ ಹುಡುಕೋರು ನೀವ’ ಎಂದರು.

ಹಿಂದಿನ ಪುಟಕ್ಕೆ: ತಲೆ ಹಾಕುವುದು ಎಂದರೆ ತಲೆ ಮಾತ್ರ ಒಳಗೆ ಬಂದಿದೆ, ಕೈ ಇನ್ನೂ ಹೊರಗಿದೆ. ಕೈ ಹಾಕಿದರೆ ಕೆಲಸ ಕೆಟ್ಟಂತೆಯೇ. ಮೂಗು ತೂರಿಸುವವರಿಗೆ ಅದರಲ್ಲೊಂದು ಸುಖವಿದೆ, ವಾಸನೆಯ ಸುಖ. ಅಮ್ಮಿಗೆ ಮೂಗಿನ ಚಟ ಇಲ್ಲ, ಒಪ್ಪುತ್ತೇನೆ. ಅವರದು ನೇರ ಕೈ.

ಫೆಬ್ರುವರಿ 5, ಗುರುವಾರ

ಕೆಲಸಕ್ಕೆ ಮರಳಿ ಹತ್ತು ದಿನ. ಸಣ್ಣ ಕೋಣೆಯಷ್ಟಿರುವ ಬಟ್ಟೆ ಕಪಾಟಿನೊಳಗೆ ಕುರ್ಚಿ ಹಾಕಿಕೊಂಡು, ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತೇನೆ. ಅಲ್ಲಿ ಸದ್ದು ಬರುವುದಿಲ್ಲ. ಯಾವುದೋ ಊರಿನ ಆಸ್ಪತ್ರೆಯಲ್ಲಿ ಯಾರೋ ‘ನನಗೆ ಎದೆ ಹಿಡಿದುಕೊಳ್ಳುತ್ತದೆ’ ಎನ್ನುತ್ತಾರೆ. ನಾನೂ ‘ನನಗೆ’ ಎಂದೇ ಇಂಗ್ಲಿಷಿನಲ್ಲಿ ಹೇಳಬೇಕು, ‘ಅವರಿಗೆ’ ಅಲ್ಲ. ಸೇರಿಸುವಂತಿಲ್ಲ, ಬಿಡುವಂತಿಲ್ಲ. ಈ ನಿಯಮ ನನಗೆ ಹಿತವಾಗಿದೆ. ಎಂಟು ಗಂಟೆ ನಾನು ಎಲ್ಲರೂ ಆಗಿರುತ್ತೇನೆ, ನಾನೊಬ್ಬಳನ್ನು ಬಿಟ್ಟು.

ಕಾಲ್‌ಗಳ ನಡುವೆ ಫೋನಿನಲ್ಲಿ ತೊಟ್ಟಿಲ ಕ್ಯಾಮೆರಾ ನೋಡುತ್ತಿರುತ್ತೇನೆ. ಅಮ್ಮಿ ಮರಿಯಮ್‌ಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾರೆ, ಮಾವನನ್ನು ಬೈಯುತ್ತಾ ಅವಳಿಗೆ ಕಥೆ ಹೇಳುತ್ತಾರೆ. ಮಗು ನಗುತ್ತದೆ. ಅವರು ಅವಳನ್ನು ತೊಟ್ಟಿಲಿಗೆ ಹಾಕುವಾಗ ಕುತ್ತಿಗೆ ಹಿಡಿಯುವ ರೀತಿ ಸರಿಯಿಲ್ಲ. ಹೊರಗೆ ಬಂದು ಹೇಳಿದೆ. ಅವರು ಮೇಲೆ ಕ್ಯಾಮೆರಾದ ಕಡೆ ನೋಡಿ, ‘ಅದರಾಗ ಕೂತು ನೋಡಾಕತ್ತಿದ್ದಿ ಏನು?’ ಎಂದರು.

ಪಟ್ಟಿಗೆ: ಅಧಿಕಪ್ರಸಂಗ. ಇದು ಕೆಳಗಿನಿಂದ ಮೇಲಕ್ಕೆ ಮಾತ್ರ ಸಲ್ಲುವ ಅಪರಾಧ. ಅತ್ತೆ ಏನು ಮಾಡಿದರೂ ಅಧಿಕಪ್ರಸಂಗಿ ಆಗಲಾರಳು, ಸೊಸೆ ಬಾಯಿ ತೆರೆದರೆ ಸಾಕು. ಹಸ್ತಕ್ಷೇಪ: ಪತ್ರಿಕೆಯ ಪದ. ಇದಕ್ಕೆ ಒಂದು ಸರ್ಕಾರವಾದರೂ ಬೇಕು. ಮನೆಯೊಳಗೆ ‘ನೀವು ಹಸ್ತಕ್ಷೇಪ ಮಾಡಬೇಡಿ’ ಎಂದರೆ ನಗು ಬರುತ್ತದೆ.

ಫೆಬ್ರುವರಿ 9

ಮಗುವಿನ ಉಸಿರು ನಿಮಿಷಕ್ಕೆ ನಲವತ್ತೊಂದು. ಮತ್ತೆ ಎಣಿಸಿದೆ, ಮೂವತ್ತೆಂಟು. ಮೂವತ್ತರಿಂದ ಅರವತ್ತರವರೆಗೆ ಸರಿ ಎಂದು ಎಲ್ಲ ಕಡೆ ಬರೆದಿದೆ. ಎಣಿಸಿದರೆ ನನಗೆ ಸಮಾಧಾನ, ಅಷ್ಟೇ.

ಫೆಬ್ರುವರಿ 12, ಗುರುವಾರ

ತೂಕ ನೋಡಿಸಲು ಕ್ಲಿನಿಕ್ಕಿಗೆ ಹೋಗಿದ್ದೆವು. ಮರಿಯಮ್ ಚೆನ್ನಾಗಿ ಏರಿದ್ದಾಳೆ. ಅಮ್ಮಿಯೂ ಬಂದಿದ್ದರು, ಬೇಡವೆಂದರೂ.

ನರ್ಸು ಎಂದಿನಂತೆ ತಾಯಿಗೆಂದೇ ಇರುವ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟಳು. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ಭಯವಾಯಿತೇ, ಇತ್ಯಾದಿ. ಈ ಹಾಳೆಯನ್ನು ನಾನು ಫೋನಿನಲ್ಲಿ ಎಷ್ಟು ತಾಯಂದಿರಿಗೆ ಓದಿ ಹೇಳಿಲ್ಲ! ಯಾವ ಉತ್ತರಕ್ಕೆ ಎಷ್ಟು ಅಂಕ, ಎಷ್ಟು ದಾಟಿದರೆ ಡಾಕ್ಟರು ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಆಮೇಲೆ ಯಾರು ಬರುತ್ತಾರೆ, ಎಲ್ಲ ಗೊತ್ತು. ಎರಡು ನಿಮಿಷದಲ್ಲಿ ತುಂಬಿ ಕೊಟ್ಟೆ. ಎರಡು ಅಂಕ. ಸೊನ್ನೆ ಬಂದರೂ ಅನುಮಾನ ಬರುತ್ತದೆ.

ನರ್ಸು ಸೌಜನ್ಯಕ್ಕೆ ಅಮ್ಮಿಯ ಕಡೆ ತಿರುಗಿ, ಅಜ್ಜಿ ಏನನ್ನುತ್ತಾರೆ ಎಂದು ಕೇಳಿದಳು. ಅಮ್ಮಿ ನನಗೆ ಹೇಳಿದರು: ‘ಕೂಸು ಚಲೋ ಐತಿ ಅನ್ನು. ತಾಯಿ ನಿದ್ದಿ ಮಾಡವಲ್ಲಳು, ಊಟಾ ಒಲ್ಲೆ ಅಂತಾಳ, ತೊಟ್ಟಲ ಬಿಟ್ಟು ಸರಿಯೂದಿಲ್ಲ, ಅದಕ್ಕೇನರ ಔಷಧ ಕೊಡ್ರಿ ಅನ್ನು.’

ಮಗು ಚೆನ್ನಾಗಿದೆ ಎನ್ನುತ್ತಾರೆ ಎಂದು ನರ್ಸಿಗೆ ಹೇಳಿದೆ.

ಅಮ್ಮಿ ನನ್ನ ಬಾಯಿಯನ್ನೇ ನೋಡಿದರು.

ಮನೆಯವರಿಗೆ ದುಭಾಷಿಯಾಗಬಾರದು ಎಂಬುದು ನಮ್ಮ ಮೊದಲ ಪಾಠ. ಹಾಗಾಗಿ ನಾನು ಅಲ್ಲಿ ದುಭಾಷಿಯಾಗಿರಲಿಲ್ಲ. ಸೊಸೆಯಾಗಿದ್ದೆ. ಸೊಸೆ ಎಲ್ಲವನ್ನೂ ದಾಟಿಸಬೇಕಾಗಿಲ್ಲ.

ಫೆಬ್ರುವರಿ 19, ಗುರುವಾರ

ಮೊದಲ ರೋಜಾ. ಹಾಲುಣಿಸುವವಳಿಗೆ ಉಪವಾಸ ಇಲ್ಲ, ಆದ್ದರಿಂದ ಅಮ್ಮಿ ಮತ್ತು ಹುಜೈಫಾ ಮಾತ್ರ. ಐದಕ್ಕೆ ಮೊದಲು ಸಹ್ರಿಯ ಊಟಕ್ಕೆ ಎದ್ದ ಅಮ್ಮಿ ಬಾಗಿಲಲ್ಲಿ ಇಣುಕಿ, ‘ನೀ ಯಾಕ ಎದ್ದಿ?’ ಎಂದರು. ಈಗಷ್ಟೇ ಎದ್ದೆ ಎಂದೆ. ತೊಟ್ಟಿಲ ಪಕ್ಕದಲ್ಲಿ ನಿಂತೇ ಇದ್ದೆ, ಕಾಲು ಜೋಮು ಹಿಡಿದಿತ್ತು. ಅವರು ಹೋದರು. ಮತ್ತೆ ಬಂದು ಒಂದು ಲೋಟ ಹಾಲು ಇಟ್ಟು ಹೋದರು.

ಇಣುಕುವುದು: ಹೊಸಿಲು ದಾಟದೆ ಒಳಗೆ ಬರುವುದು.

ಇನ್ನೊಂದು ಹೊಸ ಕಿರಿಕಿರಿ. ಅವರು ತಮ್ಮ ಕೋಣೆ ಬಿಟ್ಟು ಪ್ಯಾಸೇಜಿನಲ್ಲಿ, ನನ್ನ ಬಾಗಿಲ ಮುಂದೆ ಹಾಸಿಕೊಂಡು ಮಲಗುತ್ತಿದ್ದಾರೆ. ಹಾಸಿಗೆ ಮೆತ್ತಗಂತೆ, ಬೆನ್ನು ನೋವಂತೆ. ನೀರು ಕುಡಿಯಲು ಹೋದರೂ ಅವರನ್ನು ದಾಟಿಕೊಂಡು ಹೋಗಬೇಕು. ಹುಜೈಫಾಗೆ ಹೇಳಿದರೆ ನಗುತ್ತಾನೆ. ‘ಗಾದಿ ಸಾಬರ ಹೆಂಡ್ತಿ ಕಣೆ, ಬೆಡ್ಡು ಬಗ್ಗೆ ಆರ್ಗ್ಯೂ ಮಾಡೋಕಾಗಲ್ಲ.’ ನಿದ್ದೆ ಕೆಡದಿರಲೆಂದು ಹೊರಕೋಣೆಯ ಸೋಫಾದಲ್ಲಿ ಮಲಗುವ ಅವನು ಏಳೂವರೆಯ ಬಸ್ಸಿಗೆ ಸೇತುವೆ ದಾಟಿ ಮೆನ್ಲೋ ಪಾರ್ಕಿಗೆ ಹೋದರೆ ಬರುವುದು ಇಫ್ತಾರ್ ಹೊತ್ತಿಗೆ. ಅವನಿಗೆ ಮನೆಯೆಂದರೆ ಖರ್ಜೂರ ಮತ್ತು ಮಗುವಿನ ನಗು.

ಫೆಬ್ರುವರಿ 24

ಇವತ್ತು ಬೆಳಿಗ್ಗೆ, ನಮ್ಮ ಮೂರನೇ ಮಹಡಿಯ ತೆರೆದ ಕಾರಿಡಾರಿನಲ್ಲಿ, ಮರಿಯಮ್‌ಳನ್ನು ಎತ್ತಿಕೊಂಡು ಲಿಫ್ಟಿನ ಕಡೆ ಹೋಗುವಾಗ ಕಣ್ಣ ಮುಂದೆ ಒಂದು ಚಿತ್ರ ಬಂತು. ಅಂಚಿನ ಕಂಬಿ, ನನ್ನ ಕೈಗಳು. ಬರೆಯುವುದಿಲ್ಲ.

ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟೆ. ಅಮ್ಮಿಯನ್ನು ಕರೆದು, ಕೈ ನೋಯುತ್ತಿದೆ, ನೀವೇ ಎತ್ತಿಕೊಳ್ಳಿ ಎಂದೆ.

ಫೆಬ್ರುವರಿ 25

ಮತ್ತೆ ಬಂತು. ಅದೇ ಜಾಗ. ಇನ್ನು ಮೇಲೆ ಹೊರಗೆ ಹೋಗುವಾಗ ಅಮ್ಮಿಯೇ ಎತ್ತಿಕೊಳ್ಳಲಿ. ಅವರಿಗೂ ಇಷ್ಟವೇ.

ಇದನ್ನು ಯಾರಿಗೂ ಹೇಳುವಂತಿಲ್ಲ. ಮಕ್ಕಳ ರಕ್ಷಣೆಯ ಕಾಲ್‌ಗಳಲ್ಲಿ ನಾನು ಕೂತಿದ್ದೇನೆ. ‘ನಿಮ್ಮಿಂದ ಮಗುವಿಗೆ ಅಪಾಯವಿದೆ ಎಂದು ನಿಮಗೆ ಅನ್ನಿಸಿದೆಯೇ?’ ಈ ಪ್ರಶ್ನೆಯನ್ನು ನನ್ನದೇ ಬಾಯಿಂದ ಕನ್ನಡದಲ್ಲಿ ಕೇಳಿದ್ದೇನೆ. ಹೌದು ಎಂದವಳ ಮಗು ಆ ಸಂಜೆ ಎಲ್ಲಿ ಮಲಗಿತು ಎಂದು ನನಗೆ ಗೊತ್ತಾಗಲಿಲ್ಲ. ಕಾಲ್ ಮುಗಿಯಿತು, ಮುಂದಿನ ಕಾಲ್ ಬಂತು. ಹೇಳಿದರೆ ಮರಿಯಮ್‌ಳನ್ನು ಕೊಂಡೊಯ್ಯುತ್ತಾರೆ. ಹೇಳದಿದ್ದರೆ ನಾನೇ ಜಾಗರೂಕಳಾಗಿ ಇರಬೇಕು, ಅಷ್ಟೇ. ಇರುತ್ತೇನೆ.

ಫೆಬ್ರುವರಿ 27, ಶುಕ್ರವಾರ

ಮೈಥಿಲಿ ಫೋನು ಮಾಡಿದ್ದಳು. ಬುಧವಾರದ ಒಂದು ಕಾಲ್ ಬಗ್ಗೆ ದೂರು ಬಂದಿದೆಯಂತೆ. ನರ್ಸು ಒಬ್ಬ ಬಾಣಂತಿಗೆ, ಮಗುವನ್ನು ಅಂಗಾತ ಮಲಗಿಸಿ ಎಂದು ಹೇಳಿಕೊಡುತ್ತಿದ್ದಳು. ಅದನ್ನು ಹೇಳಿದ ಮೇಲೆ ನಾನು, ಹೊದಿಕೆ ಏನೇನೂ ಬೇಡ, ಉಸಿರು ನಿಂತರೆ ಸದ್ದೇ ಆಗುವುದಿಲ್ಲ, ಗಂಟೆಗೊಮ್ಮೆ ಎದ್ದು ನೋಡುತ್ತಿರಿ ಎಂದೆನಂತೆ. ಆ ಹುಡುಗಿ ಅಳುತ್ತಾ, ಎಷ್ಟು ಮಕ್ಕಳಿಗೆ ಹೀಗಾಗುತ್ತದೆ ಎಂದು ನರ್ಸನ್ನು ಕೇಳಿದಳು. ನರ್ಸು ಕಕ್ಕಾಬಿಕ್ಕಿ.

ಅಂದದ್ದು ನೆನಪಿಲ್ಲ. ಆದರೆ ತಪ್ಪೇನು?

‘ನಾನು ಹೇಳಿದ್ದು ನಿಜ ತಾನೇ?’ ಎಂದು ಕೇಳಿದೆ.

‘ನಿಜ ಹೇಳೋದು ನಮ್ ಕೆಲ್ಸ ಅಲ್ಲ ಕಣೆ. ಅವರು ಹೇಳಿದ್ದು ಹೇಳೋದು ನಮ್ ಕೆಲ್ಸ. ಆರು ವರ್ಷದಲ್ಲಿ ನಿನ್ ರೆಕಾರ್ಡಿಂಗಲ್ಲಿ ಒಂದು ಅಕ್ಷರ ಜಾಸ್ತಿ ಇರಲಿಲ್ಲ, ಅಫ್ಶೀನ್. ನಿದ್ದೆ ಆಗ್ತಿದೆಯಾ ನಿಂಗೆ?’

ಆಗ್ತಿದೆ ಎಂದೆ. ಎರಡು ವಾರ ಕಾಲ್‌ಗಳು ಬೇಡ, ಪಟ್ಟಿ ಮುಗಿಸು ಸಾಕು ಎಂದಳು.

ಕೆದಕುವುದು: ಗಾಯ ಇರಬಹುದೆಂಬ ಅನುಮಾನದ ಮೇಲೆ ಉಗುರು ಹಾಕುವುದು.

ಮಾರ್ಚ್ 3

ಇಂಡಿಯನ್ ಗ್ರೋಸರಿಗೆಂದು ಹೊರಟವಳು ಪಕ್ಕದ ಊರು ಮಿಲ್ಪಿಟಾಸ್‌ನಲ್ಲಿದ್ದೆ. ಫ್ರೀವೇ ಹತ್ತಬೇಕಾದ ಅಗತ್ಯವೇ ಇರಲಿಲ್ಲ, ಅಂಗಡಿ ಆರು ನಿಮಿಷದ ದಾರಿ. ಎಕ್ಸಿಟ್ ತಪ್ಪಿರಬೇಕು. ಹಿಂದೆ ಮರಿಯಮ್ ಮಲಗಿದ್ದಳು, ಪಕ್ಕದಲ್ಲಿ ಅಮ್ಮಿ. ಅವರು ‘ಅಫ್ಶೀನ್, ಅಫ್ಶೀನ್’ ಎಂದು ತೋಳು ಹಿಡಿದಿದ್ದರು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಡ್ರೈವ್ ಮಾಡುವವರ ತೋಳು ಹಿಡಿಯಬಾರದು ಎಂದು ಗದರಿದೆ.

ಮಾರ್ಚ್ 7, ಶನಿವಾರ

ಚಾಕುಗಳನ್ನೆಲ್ಲ ಫ್ರಿಜ್ಜಿನ ಮೇಲಿನ ಕಪಾಟಿಗೆ ಹಾಕಿ ಚಿಲಕ ಕೂರಿಸಿದೆ. ಮಗುವಿರುವ ಮನೆ.

ಇಫ್ತಾರಿಗೆ ಕಲ್ಲಂಗಡಿ ಹೆಚ್ಚಲು ಅಮ್ಮಿ ಮನೆಯೆಲ್ಲ ಹುಡುಕಿದರು. ಕೊನೆಗೆ ಕೇಳಿದರು. ಎಲ್ಲಿದೆ ಎಂದು ಹೇಳಿದೆ. ಅವರು ಮೇಲೆ ನೋಡಿದರು, ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ ಕಾಲು ಬಡಿಯುತ್ತಿದ್ದ ಮರಿಯಮ್‌ಳನ್ನು ನೋಡಿದರು.

‘ಕೂಸು ಇನ್ನ ಮಗ್ಗಲಾ ಹೊಳ್ಳಿಲ್ಲ. ಚಾಕು ಯಾರಿಗೆ ಮುಚ್ಚಿಟ್ಟಿ ಯವ್ವ?’

ನನ್ನ ಮನೆಯಲ್ಲಿ ಯಾವ ವಸ್ತು ಎಲ್ಲಿರಬೇಕೆಂದು ನನಗೆ ಗೊತ್ತು, ನೀವು ಅದಕ್ಕೆ ತಲೆ ಹಾಕಬೇಡಿ ಎಂದೆ. ಜೋರಾಗಿಯೇ ಅಂದೆನೇನೋ. ಹುಜೈಫಾ ಕಲ್ಲಂಗಡಿಯನ್ನು ಟೇಬಲ್ಲಿನ ಅಂಚಿಗೆ ಕುಟ್ಟಿ ಒಡೆದ. ತಮಾಷೆ ಮಾಡಲು ನೋಡಿದ, ಯಾರೂ ನಗಲಿಲ್ಲ. ಕೈಯಿಂದ ಬಗೆದು ತಿಂದೆವು.

ಮಾರ್ಚ್ 9

ಗಡಿಯಾರ ಒಂದು ಗಂಟೆ ಮುಂದೆ ಹೋಗಿದೆ. ನನಗೇನೂ ವ್ಯತ್ಯಾಸ ತಿಳಿಯಲಿಲ್ಲ.

ಪಟ್ಟಿಯಲ್ಲಿ ಒಂದು ಪದ ಉಳಿದಿದೆ. ಕರೆಯದೆ, ಬಾಗಿಲು ತಟ್ಟದೆ, ನುಗ್ಗಿ ಕೂರುವಂಥದ್ದು. ಇಂಗ್ಲಿಷಿನಲ್ಲಿ ಯೋಚನೆಗಳ ಬಗ್ಗೆಯೂ ಆ ಪದ ಬಳಸುತ್ತಾರೆ. ಖಾಲಿ ಬಿಟ್ಟಿದ್ದೇನೆ.

ಮಾರ್ಚ್ 10

ಮೂವತ್ತೊಂಬತ್ತು. ನಲವತ್ತೆರಡು. ಮೂವತ್ತೊಂಬತ್ತು. ನಲವತ್ತು.

ಮಾರ್ಚ್ 12, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸೇರಿಸುವುದಿಲ್ಲ, ಬಿಡುವುದಿಲ್ಲ.

ನಾಲ್ಕು ತಿಂಗಳ ಚುಚ್ಚುಮದ್ದಿಗೆ ಹೋಗಿದ್ದೆವು. ಕ್ಲಿನಿಕ್ಕಿನ ಕೌಂಟರಿನಲ್ಲಿ ಒಂದು ಫಲಕ ಇದೆ, ಇಪ್ಪತ್ತು ಮೂವತ್ತು ಭಾಷೆಗಳಲ್ಲಿ ಒಂದೇ ಸಾಲು: ನಿಮಗೆ ದುಭಾಷಿ ಬೇಕಾದರೆ ಇಲ್ಲಿ ಬೆರಳಿಟ್ಟು ತೋರಿಸಿ, ಹಣ ಕೊಡಬೇಕಾಗಿಲ್ಲ. ಇನ್ಶೂರೆನ್ಸ್ ಕಾರ್ಡು ಹುಡುಕುತ್ತಾ ನಾನು ಬ್ಯಾಗಿನೊಳಗೆ ತಲೆ ಹಾಕಿದ್ದೆ. ತಲೆ ಎತ್ತಿದಾಗ ಅಮ್ಮಿ ಬುರ್ಖಾದ ತೋಳು ಮೇಲೇರಿಸಿ, ಕನ್ನಡದ ಸಾಲಿನ ಮೇಲೆ ಬೆರಳೂರಿ ನಿಂತಿದ್ದರು. ನಾಲ್ಕನೇ ಈಯತ್ತೆ ಓದಿದವರು. ಅಕ್ಷರ ಅಕ್ಷರ ಕೂಡಿಸಿ ಓದಿದ್ದಾರೆ. ಅದರಿಂದ ಏನಾಗುತ್ತದೆ ಎಂಬುದೂ ಅವರಿಗೆ ಗೊತ್ತು. ನನ್ನ ಕಪಾಟಿನ ಬಾಗಿಲ ಆಚೆ ಕೂತು ದಿನವೂ ಕೇಳಿಸಿಕೊಂಡವರು.

ಬೇಡ, ನಾನಿದ್ದೇನೆ, ಇದು ನನ್ನದೇ ಉದ್ಯೋಗ ಎಂದು ಕೌಂಟರಿನ ಹುಡುಗಿಗೆ ಹೇಳಿದೆ. ಅವಳು ಅಮ್ಮಿಯ ಬೆರಳನ್ನು ನೋಡಿದಳು. ಅದು ಅಲ್ಲಿಂದ ಏಳಲಿಲ್ಲ. ಕೇಳಿದವರಿಗೆ ಕೊಡಲೇಬೇಕು ಎಂದಳು. ಹೌದು, ಕೊಡಲೇಬೇಕು. ನಾನೇ ಹೊಸಬರಿಗೆ ಹಾಗೆ ಪಾಠ ಮಾಡಿದ್ದೇನೆ.

ಕೋಣೆಯಲ್ಲಿ ಡಾಕ್ಟರು ಮರಿಯಮ್‌ಳನ್ನು ನೋಡಿದರು. ಎಲ್ಲ ಸರಿ. ನಂತರ ಗೋಡೆಯ ಫೋನನ್ನು ಸ್ಪೀಕರಿಗೆ ಹಾಕಿದರು. ಒಂದು ಹೆಣ್ಣುದನಿ, ಮಂಗಳೂರಿನ ಕಡೆಯ ಸ್ವಚ್ಛ ಉಚ್ಚಾರ: ನಮಸ್ಕಾರ, ನಾನು ಕನ್ನಡ ದುಭಾಷಿ, ನನ್ನ ಸಂಖ್ಯೆ ಇಂಥದ್ದು. ನಮ್ಮ ಒಂಬತ್ತು ಜನರಲ್ಲಿ ಒಬ್ಬಳಲ್ಲ. ಬೇರೆ ಕಂಪನಿ.

ಅಮ್ಮಿಗೆ ಕಣ್ಣಲ್ಲೇ ಬೇಡ ಎಂದೆ. ಇಲ್ಲಿ ಒಂದು ಮಾತು ಹೆಚ್ಚು ಕಡಿಮೆಯಾದರೆ ಏನಾಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಿರಬೇಕು?

ಅಮ್ಮಿ ಫೋನಿನ ಹತ್ತಿರ ಹೋಗಿ, ದೂರದವರನ್ನು ಕರೆಯುವ ದನಿಯಲ್ಲಿ ಹೇಳಿದರು: ‘ನಾ ಕೂಸಿನ ಸಲುವಾಗಿ ಬಂದಿಲ್ರಿ. ಕೂಸು ಚಲೋ ಐತಿ. ನಾ ಇಕಿ ಸಲುವಾಗಿ ಬಂದೀನಿ, ನನ್ನ ಸೊಸಿ ಸಲುವಾಗಿ. ಹೋದ ಸಲ ನಾ ಹೇಳಿದ್ದು ಇಕಿ ನಿಮಗ ಹೇಳಲಿಲ್ಲ. ನನ್ನ ಮಾತು ಉದ್ದ ಇತ್ತು, ಇಕಿ ಹೇಳಿದ್ದು ಗಿಡ್ಡ ಇತ್ತು.’

ನಂತರ ಆ ಅಪರಿಚಿತಳು ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು, ‘ನಾನು’ ‘ನನ್ನ’ ಎಂದೇ.

ಅಮ್ಮಿ ಮುಂದುವರಿಸಿದರು, ಅವಳು ಹಿಂಬಾಲಿಸಿದಳು. ಅಮ್ಮಿಯ ಕನ್ನಡ ನನಗೆ ಅಷ್ಟು ತಾಗಲಿಲ್ಲ, ಅದು ನಾನು ದಿನವೂ ತಳ್ಳಿಹಾಕುವ ದನಿ. ಬಯಸಿದರೂ ತಳ್ಳಲಾಗದ್ದು ಆ ಹುಡುಗಿಯ ಇಂಗ್ಲಿಷು. ನನ್ನ ವಯಸ್ಸಿನ ಒಬ್ಬಳು ನನಗೆ ಹೇಳುತ್ತಿದ್ದಳು: ಇಪ್ಪತ್ತೆರಡು ಉಪವಾಸಗಳಾದವು. ಇಪ್ಪತ್ತೆರಡು ದಿನವೂ ನಾನು ಬೆಳಗಿನ ಊಟಕ್ಕೆ ಎದ್ದಾಗ ನನ್ನ ಸೊಸೆ ತೊಟ್ಟಿಲ ಮುಂದೆ ನಿಂತಿದ್ದಳು. ಕಾರು ಓಡಿಸುವಾಗ ಅವಳ ಕಣ್ಣು ತೆರೆದಿತ್ತು, ಅವಳು ಇರಲಿಲ್ಲ. ಕಂಬಿಯ ಕಡೆ ಮಗುವನ್ನು ಎತ್ತಿಕೊಂಡು ಹೋಗುವುದಿಲ್ಲ, ಗೋಡೆಗೆ ಉಜ್ಜಿಕೊಂಡು ನಡೆಯುತ್ತಾಳೆ. ಚಾಕು ಮುಚ್ಚಿಡುತ್ತಾಳೆ. ನನಗೆ ಬೆನ್ನು ನೋವಿಲ್ಲ. ನಾನು ಅವಳ ಬಾಗಿಲ ಮುಂದೆ ಮಲಗುವುದು, ಅವಳು ಎದ್ದರೆ ನನಗೆ ಎಚ್ಚರವಾಗಲೆಂದು. ನನಗೆ ಹೆದರಿಕೆಯಾಗುತ್ತಿದೆ. ನನ್ನ ಮಗ ನಗುತ್ತಾನೆ. ನಾನು ಇದನ್ನು ಯಾರಿಗೆ ಹೇಳಲಿ?

ಒಂದು ಪದವನ್ನೂ ಬಿಡಲಿಲ್ಲ. ನಾನು ಪರೀಕ್ಷಿಸುತ್ತಲೇ ಇದ್ದೆ, ಅಭ್ಯಾಸ. ಕೊನೆಯ ವಾಕ್ಯದಲ್ಲಿ ಅವಳ ದನಿ ಸ್ವಲ್ಪ ಒಡೆಯಿತು. ಅದು ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ.

ಡಾಕ್ಟರು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. ನನ್ನ ಉತ್ತರಗಳೆಲ್ಲ ಇಂಗ್ಲಿಷಿನಲ್ಲಿ ಸಿದ್ಧವಿದ್ದವು: ಹೊಸ ತಾಯಿ, ಎಲ್ಲರಂತೆ ಸ್ವಲ್ಪ ದಣಿವು, ಹಿರಿಯರಿಗೆ ಇಲ್ಲಿಯದು ಅರ್ಥವಾಗುವುದಿಲ್ಲ. ನಗು ಕೂಡ ಸಿದ್ಧವಿತ್ತು. ಅವರು ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮಿಗೂ ತಿಳಿಯಲೆಂದು ಆ ಹುಡುಗಿ ಅದನ್ನು ಕನ್ನಡಕ್ಕೆ ತಂದಳು: ‘ಬೇಡ ಬೇಡ ಎಂದರೂ ಒಳಗೆ ನುಗ್ಗುವ ಯೋಚನೆಗಳು ಬರುತ್ತವೆಯೇ? ಮಗುವಿಗೆ ಏನೋ ಆದಂತೆ, ಅಥವಾ ನೀವೇ ಏನೋ ಮಾಡಿಬಿಟ್ಟಂತೆ?’

ಇಂಗ್ಲಿಷಿನಲ್ಲಿ ಇಲ್ಲ ಎನ್ನಲು ಒಂದೇ ಅಕ್ಷರ ಸಾಕು. ಅದು ಹೊರಡಲಿಲ್ಲ. ನಾನು ಫೋನಿನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದೆ, ಅವಳನ್ನು, ಆ ಕಾಣದವಳನ್ನು:

‘ಹೇಳಿದ್ರೆ ಮಗೂನ ತಗೊಂಡು ಹೋಗ್ತಾರಾ?’

ಅವಳು ನನಗೆ ಉತ್ತರಿಸಲಿಲ್ಲ. ಉತ್ತರಿಸುವಂತಿಲ್ಲ. ನನ್ನ ಪ್ರಶ್ನೆಯನ್ನು ಡಾಕ್ಟರಿಗೆ ದಾಟಿಸಿದಳು. ಆ ಕೋಣೆಯಲ್ಲಿ ಇಂಗ್ಲಿಷು ಬರುವ ನಾನು, ಇಂಗ್ಲಿಷು ಬರುವ ಡಾಕ್ಟರು, ನಡುವೆ ಅವಳು. ಯಾರೂ ಇದನ್ನು ವಿಚಿತ್ರ ಎನ್ನಲಿಲ್ಲ.

ಡಾಕ್ಟರು ಇಲ್ಲ ಎಂದರು. ಇಂಥ ಚಿತ್ರಗಳು ಬಹಳ ತಾಯಂದಿರಿಗೆ ಬರುತ್ತವೆ, ಬಂದಾಗ ನಡುಗಿ ದೂರ ಸರಿಯುವುದು ಮಗುವನ್ನು ಕಾಯುವವರ ಲಕ್ಷಣ, ಇದಕ್ಕೆ ಚಿಕಿತ್ಸೆ ಇದೆ ಎಂದರು. ಅದನ್ನು ಎರಡು ಭಾಷೆಗಳಲ್ಲಿ ಕೇಳಿದೆ. ಎರಡನೆಯ ಸಲ ನಂಬಿದೆ.

ಆಗ ಹೇಳಿದೆ. ಕಂಬಿ. ಕೈಗಳು. ಚಾಕು. ಉಸಿರಿನ ಎಣಿಕೆ. ಸಾಯಬೇಕು ಅನ್ನಿಸಿದೆಯೇ ಎಂದು ಕೇಳಿದರು, ಇಲ್ಲ, ನಿದ್ದೆ ಮಾಡಬೇಕು ಅನ್ನಿಸಿದೆ ಎಂದೆ. ಬೇರೆ ಯಾರಿಗೂ ಕೇಳದ ದನಿ ಕೇಳುತ್ತದೆಯೇ ಎಂದರು, ಇಲ್ಲ ಎಂದೆ. ಹಾಳೆಯನ್ನು ಮತ್ತೆ ಕೊಟ್ಟರು. ಹತ್ತೊಂಬತ್ತು ಬಂತು.

ಗೋಡೆಯ ಫೋನಿನಿಂದ ಅವಳು ಇನ್ನೇನಾದರೂ ಉಂಟೇ ಎಂದು ಕೇಳಿದಳು. ಡಾಕ್ಟರು ಇಷ್ಟೇ ಎಂದರು. ಕಾಲ್ ಮುಗಿಯಿತು. ಅವಳಿಗೆ ಮುಂದಿನ ಕಾಲ್ ಬಂದಿರುತ್ತದೆ.

ನಾನು ಕಾರು ಓಡಿಸಕೂಡದು ಎಂದು ಹುಜೈಫಾನನ್ನು ಕರೆಸಿದರು. ಅವನು ಬಂದಾಗ ಅಮ್ಮಿ ಅವನ ಕೈಗೆ ಮಗುವನ್ನು ಕೊಟ್ಟು, ‘ಈಗ ನಗು’ ಎಂದರು.

ಮಾರ್ಚ್ 13, ಶುಕ್ರವಾರ

ಮಾನಸಿಕ ತಜ್ಞೆ ಫೋನು ಮಾಡಿ ಐವತ್ತು ನಿಮಿಷ ಮಾತಾಡಿದರು. ಹಾಲುಣಿಸುವವರಿಗೆ ನಡೆಯುವ ಒಂದು ಮಾತ್ರೆ. ಮುಂದಿನ ವಾರದಿಂದ ವಾರಕ್ಕೆ ಎರಡು ಭೇಟಿ. ರಾತ್ರಿ ಒಂಬತ್ತರಿಂದ ಮೂರರವರೆಗೆ ಮಗು ನನ್ನ ಕೋಣೆಯಲ್ಲಿ ಇರುವಂತಿಲ್ಲ. ಹುಜೈಫಾ ರಜೆ ಹಾಕಿ, ಬಾಟಲಿಗೆ ಎಷ್ಟು ಔನ್ಸು ಎಂದು ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸುತ್ತಿದ್ದಾನೆ. ನಡುನಡುವೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಮತ್ತೆ ಚೀಟಿಗೆ ಹೋಗುತ್ತಾನೆ. ನಿನ್ನೆ ನಾಲ್ಕು ಗಂಟೆ ಮಲಗಿದೆ. ಎದ್ದಾಗ ಕೋಣೆ ಯಾರದೆಂದು ಗೊತ್ತಾಗಲಿಲ್ಲ.

ಚಿತ್ರ ಇವತ್ತೂ ಬಂತು. ಬರುತ್ತದೆ, ಒಮ್ಮೆಲೇ ಹೋಗುವುದಿಲ್ಲ ಎಂದಿದ್ದಾರೆ.

ಅಮ್ಮಿಯ ಜೊತೆ ಮಾತಾಡಿಲ್ಲ. ಅವರು ಸರಿ ಎಂದು ನನಗೆ ಗೊತ್ತು. ಗೊತ್ತಿದ್ದೂ ಸಿಟ್ಟು ಇಳಿಯುತ್ತಿಲ್ಲ. ನನ್ನನ್ನು ಒಂದು ಕೋಣೆಯ ನಡುವೆ ಬಟ್ಟೆ ಬಿಚ್ಚಿ ನಿಲ್ಲಿಸಿದರು.

ಮಾರ್ಚ್ 14, ಶನಿವಾರ

ಐದೂವರೆ ಗಂಟೆ ನಿದ್ದೆ.

ಮಧ್ಯಾಹ್ನ ಹಾಲುಣಿಸಿ ಕೂತಿದ್ದೆ. ಅಮ್ಮಿ ಬಂದು ನೆಲದ ಮೇಲೆ ಕೂತು, ಕೇಳದೆಯೇ ಹೇಳತೊಡಗಿದರು. ಹುಜೈಫಾ ಎರಡು ತಿಂಗಳಿದ್ದಾಗ ಅವನು ಅತ್ತರೆ ಅವರಿಗೆ ಕೇಳಿಸುತ್ತಲೇ ಇರಲಿಲ್ಲವಂತೆ. ಹತ್ತಿ ರಾಶಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದರಂತೆ. ಎದುರು ಮನೆಯ ದಾನವ್ವ ಎಂಬಾಕೆ ಒಂದು ದಿನ ಸೀದಾ ಒಳಗೆ ಬಂದು, ಯಾರನ್ನೂ ಕೇಳದೆ ಮಗುವನ್ನು ಎತ್ತಿಕೊಂಡು ತನ್ನ ಮನೆಗೆ ಹೋದಳು. ಇಪ್ಪತ್ತು ದಿನ ಅಲ್ಲೇ ಇಟ್ಟುಕೊಂಡಳು. ಹಾಲಿಗೆ ಮಾತ್ರ ತಂದು ಕೊಡುವುದು, ಕುಡಿಸಿದ ಕೂಡಲೇ ಒಯ್ಯುವುದು. ಅವಳ ಮಂದಿ, ಇವರ ಮಂದಿ, ಇಡೀ ಓಣಿ ಅವಳಿಗೆ ಇಲ್ಲದ ಉಸಾಬರಿ ಯಾಕೆಂದು ಉಗಿದರು. ಮಾವನೂ ಉಗಿದರು. ಅಮ್ಮಿ ಆ ಇಪ್ಪತ್ತು ದಿನ ಬರೀ ಮಲಗಿದರಂತೆ.

‘ಆಮೇಲೆ?’ ಎಂದುಬಿಟ್ಟೆ. ಎರಡು ದಿನದ ಮೌನ ಹಾಗೆ ಮುರಿದದ್ದು ನನಗೂ ಇಷ್ಟವಾಗಲಿಲ್ಲ.

‘ಆಮ್ಯಾಲೇನು. ಅರಾಮ ಆದೆ. ಆಕಿ ಜೋಡಿ ಒಂದು ವರ್ಷ ಮಾತು ಬಿಟ್ಟೆ. ನನ್ನ ಕೂಸು ನನ್ನ ಕೈಯಾಗಿಂದ ತಗೊಂಡು ಹೋಗಿದ್ಲಲ್ಲ. ಆಕಿ ದಿನಾ ತನ್ನ ಬಾಗಲಾ ಮುಂದ ಕಸಾ ಹೊಡಿಯಾಕ ಬಂದಾಗ ಕೇಳತಿದ್ಲು, ಸಾಬರ ಹೇಂತಿ, ಇವತ್ತ ಮಾತಾಡ್ತಿ ಏನು? ಅಂತ. ನಾ ಮಾರಿ ತಿರುವತಿದ್ನಿ.’

ಮರಿಯಮ್ ತೇಗಿದಳು. ಅಮ್ಮಿ ಅವಳ ಕಾಲ್ಬೆರಳನ್ನು ಒಂದೊಂದಾಗಿ ಎಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದರು:

‘ನೀ ಸಿಟ್ಟು ಎಷ್ಟ ದಿನ ಹಿಡೀತಿ, ಹೇಳಿಬಿಡು. ನಾ ಮೇ ತಿಂಗಳಾಗ ಹೋಗಾಕಿ. ನನ್ನ ಹತ್ರ ವರ್ಷ ಇಲ್ಲ.’

ಲೆಕ್ಕ ಹಾಕಿದೆ. ನಿಜಕ್ಕೂ ಹಾಕಿದೆ, ಸಿಟ್ಟು ಎಷ್ಟು ಉಳಿದಿದೆ ಎಂದು.

‘ಈದ್ ತನಕ’ ಎಂದೆ.

‘ಆರು ದಿನ,’ ಎಂದರು. ‘ನಡೀತೈತಿ. ಕೂಸು ಕೊಡ ಇಲ್ಲೆ. ನೀ ಮಲಕೋ ಹೋಗು.’